ಮೊದಲು ಕಟ್ಟು, ಆಮೇಲೆ ಮಾತಾಡು
(ದಿನಚರಿಯ ಪುಟಗಳು)

ಮೇ 12, 2025, ಸೋಮವಾರ

2020-21ರ ಜಿಎಸ್‌ಟಿ ಆದೇಶಗಳು ಒಂದೊಂದಾಗಿ ಬೆಳಕಿಗೆ ಬರುತ್ತಿವೆ. ವಂಚನೆಯ ಆರೋಪವಿಲ್ಲದ, ಅಂದರೆ 73ನೇ ಕಲಮಿನ ಪ್ರಕರಣಗಳಲ್ಲಿ ಆ ವರ್ಷಕ್ಕೆ ಆದೇಶ ಹೊರಡಿಸಲು ಕಳೆದ ಫೆಬ್ರವರಿ 28 ಕಡೆಯ ದಿನವಾಗಿತ್ತು. ಕಡೆಯ ವಾರದಲ್ಲಿ ಅಧಿಕಾರಿಗಳು ರಾತ್ರಿ ಹಗಲು ಕೂತು ಆದೇಶ ಹೊರಡಿಸಿದ್ದಾರೆ. ಓದಿದರೆ ಗೊತ್ತಾಗುತ್ತದೆ: ಒಬ್ಬರ ಆದೇಶದ ಪ್ಯಾರಾ ಇನ್ನೊಬ್ಬರದರಲ್ಲಿ, ಕಾಮಾ ಸಮೇತ.

ಇವತ್ತು ಬಂದದ್ದು ಪಂಪ್‌ಸೆಟ್ ಅಂಗಡಿಯ ರುದ್ರಪ್ಪನವರದು. ಅವರ ಮಗ ಯಾವುದೋ ರಿಟರ್ನ್ ನೋಡಲು ಪೋರ್ಟಲ್ ತೆರೆದವನು, ಹೆಚ್ಚುವರಿ ನೋಟಿಸು ಮತ್ತು ಆದೇಶಗಳು ಎಂಬ ಮೂಲೆಯ ಟ್ಯಾಬ್ ಒತ್ತಿದ್ದಾನೆ. ಅಲ್ಲಿ ನೋಟಿಸು, ಜ್ಞಾಪನ ಪತ್ರ, ಕಡೆಗೆ ಆದೇಶ, ಎಲ್ಲ ಸಾಲಾಗಿ ಕೂತಿವೆ. ಯಾರೂ ನೋಡಿಲ್ಲ, ಯಾರೂ ಉತ್ತರ ಕೊಟ್ಟಿಲ್ಲ. ಆದೇಶದ ತಾರೀಖು ಫೆಬ್ರವರಿ 25.

"ಸಾರ್, ಹನ್ನೊಂದೂಮುಕ್ಕಾಲು ಲಕ್ಷ ತೋರಿಸ್ತೈತಿ. ಅಪೀಲಿಗೆ ಹೋದ್ರೂ ಮೊದ್ಲು ದುಡ್ಡು ಕಟ್ಬೇಕಂತ?"

ಕಟ್ಟಬೇಕು. ಆದರೆ ಹನ್ನೊಂದೂಮುಕ್ಕಾಲು ಲಕ್ಷದ ಮೇಲೆ ಅಲ್ಲ. ಈ ಮಾತನ್ನು ಎಷ್ಟು ಜನರಿಗೆ ಹೇಳಿದರೂ ಹೊಸಬರು ಬಂದೇ ಬರುತ್ತಾರೆ. 107ನೇ ಕಲಮಿನ 6ನೇ ಉಪಕಲಮು ಹೇಳುವುದು ಇಷ್ಟು: ಒಪ್ಪಿಕೊಂಡ ಭಾಗವಿದ್ದರೆ ಅದರ ತೆರಿಗೆ, ಬಡ್ಡಿ, ದಂಡ ಪೂರ್ತಿ ಕಟ್ಟಬೇಕು, ಒಪ್ಪದ ಭಾಗಕ್ಕೆ ತೆರಿಗೆಯ ಮೊತ್ತದ ಮೇಲೆ ಮಾತ್ರ ಶೇ. 10. ವಿವಾದದಲ್ಲಿರುವ ಬಡ್ಡಿ, ದಂಡದ ಮೇಲೆ ಹತ್ತು ಪರ್ಸೆಂಟ್ ಕೇಳುವಂತಿಲ್ಲ. ರುದ್ರಪ್ಪನವರ ಆದೇಶದಲ್ಲಿ ತೆರಿಗೆ 6,24,000. ಉಳಿದದ್ದೆಲ್ಲ ವರ್ಷಕ್ಕೆ ಶೇ. 18ರ ಬಡ್ಡಿ ಮತ್ತು ಶೇ. 10ರ ದಂಡ.

ಕಾಗದ ಬಿಟ್ಟು ಹೋಗಿ ಎಂದೆ. ಇದೇ 25ಕ್ಕೆ ಮೂರು ತಿಂಗಳು ಮುಗಿಯುತ್ತದೆ. ಮೇಲೆ ಒಂದು ತಿಂಗಳು ಅಪೀಲು ಅಧಿಕಾರಿ ಮನ್ನಿಸಬಹುದು, ಅದರಾಚೆಗೆ ಅವರ ಕೈಯಲ್ಲೂ ಇಲ್ಲ. ಆ ಒಂದು ತಿಂಗಳನ್ನು ನಂಬಿಕೊಂಡು ಕೂರುವ ಅಭ್ಯಾಸ ನನಗಿಲ್ಲ.

ಮೇ 14, ಬುಧವಾರ

ಕಡತ ಬಿಚ್ಚಿ ಕೂತೆ. ವಿಷಯ ಇಷ್ಟೇ. ರುದ್ರಪ್ಪನವರು ಮೋಟಾರು ಪಂಪ್ ತರಿಸುವುದು ಕೊಯಮತ್ತೂರಿನಿಂದ. ಹೊರರಾಜ್ಯದ ಖರೀದಿ, ಬಿಲ್ಲಿನಲ್ಲಿ ಐಜಿಎಸ್‌ಟಿ. ಲಾಕ್‌ಡೌನ್ ವರ್ಷದಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ 3ಬಿ ರಿಟರ್ನ್ ತುಂಬುವಾಗ, ಖರೀದಿಗೆ ಕಟ್ಟಿದ ತೆರಿಗೆಯ ಆರು ಲಕ್ಷದ ಕ್ರೆಡಿಟ್ಟನ್ನು ಐಜಿಎಸ್‌ಟಿ ಕಾಲಮ್ಮಿಗೆ ಹಾಕುವ ಬದಲು ಸಿಜಿಎಸ್‌ಟಿಗೆ ಮೂರು, ಎಸ್‌ಜಿಎಸ್‌ಟಿಗೆ ಮೂರು ಎಂದು ಒಡೆದು ಹಾಕಿದ್ದಾನೆ. ಐಜಿಎಸ್‌ಟಿ ಕಾಲಮ್ಮಿನಲ್ಲಿ ಅಷ್ಟೂ ಕ್ರೆಡಿಟ್ ತೆಗೆದುಕೊಳ್ಳದೆ ಹಾಗೇ ಬಿದ್ದಿದೆ. ಅಧಿಕಾರಿ ಎರಡು ಕಾಲಮ್ಮು ನೋಡಿದ್ದಾರೆ, ಮೂರನೆಯದನ್ನು ನೋಡಿಲ್ಲ. ಹೆಚ್ಚುವರಿ ಕ್ರೆಡಿಟ್ ಪಡೆದಿದ್ದೀರಿ, ವಾಪಸ್ ಕಟ್ಟಿ.

ಸರ್ಕಾರಕ್ಕೆ ಒಂದು ರೂಪಾಯಿ ನಷ್ಟವಿಲ್ಲ. ಇಂಥದ್ದೇ ಪ್ರಕರಣದಲ್ಲಿ ಕೇರಳ ಹೈಕೋರ್ಟು 2024ರ ಕೊನೆಗೆ ವರ್ತಕರ ಪರ ತೀರ್ಪು ಕೊಟ್ಟಿದೆ. ಕ್ರೆಡಿಟ್ ಲೆಡ್ಜರು ಅಂದರೆ ಒಂದೇ ಪರ್ಸು, ಒಳಗೆ ಬೇರೆ ಬೇರೆ ಖಾನೆ ಇರಬಹುದು, ಹಣ ಒಂದೇ ಎಂಬ ಧಾಟಿಯಲ್ಲಿ. ನನ್ನ ಮೊದಲ ಆಧಾರ ಅದು. ಎರಡನೆಯದು 75ನೇ ಕಲಮಿನ 4ನೇ ಉಪಕಲಮು: ಪ್ರತಿಕೂಲ ತೀರ್ಮಾನಕ್ಕೆ ಮೊದಲು ಅಹವಾಲು ಕೇಳಬೇಕು. ರುದ್ರಪ್ಪನವರ ನೋಟಿಸಿನ ಕೋಷ್ಟಕದಲ್ಲಿ ಉತ್ತರಕ್ಕೆ ತಾರೀಖು ಇದೆ. ಅದರ ಕೆಳಗೆ ವೈಯಕ್ತಿಕ ವಿಚಾರಣೆಯ ದಿನ: ಎನ್‌ಎ. ಸಮಯ: ಎನ್‌ಎ. ಸ್ಥಳ: ಎನ್‌ಎ. ಮೂರೂ ಮನೆಯಲ್ಲಿ ಅದೇ ಎರಡು ಅಕ್ಷರ. ಆ ಪುಟವನ್ನು ಬೇರೆ ಪ್ರಿಂಟ್ ತೆಗೆದು ಹಳದಿ ಪೆನ್ನಿನಲ್ಲಿ ಬಳಿದಿಟ್ಟೆ.

ಉಳಿದ 24,000 ಮಾತ್ರ ನಿಜವಾದ ತಪ್ಪು. ಒಂದೇ ಬಿಲ್ಲಿನ ಕ್ರೆಡಿಟ್ಟು ಜುಲೈಯಲ್ಲೂ ಸೆಪ್ಟೆಂಬರಿನಲ್ಲೂ ಬಂದಿದೆ. ಇದನ್ನು ಒಪ್ಪಿಕೊಂಡುಬಿಡೋಣ ಎಂದೆ. ರುದ್ರಪ್ಪನವರಿಗೆ ಇಷ್ಟವಾಗಲಿಲ್ಲ. "ಎಲ್ಲಾನೂ ಸೇರ್ಸಿ ಇಲ್ಲ ಅಂದ್ಬಿಡ್ರಿ ಸಾರ್, ಹತ್ತು ಪರ್ಸೆಂಟಲ್ಲಿ ಮುಗೀತೈತಿ. ಒಪ್ಕೊಂಡ್ರೆ ಪೂರ್ತಿ ಕಟ್ಬೇಕು."

ಲೆಕ್ಕದಲ್ಲಿ ಅವರು ಹೇಳುವುದು ಸರಿ. ಕಾನೂನು ಹೀಗೆ ಬರೆದಿರುವುದರಿಂದ ನಿಜ ಹೇಳಿದವನ ಕೈಯಿಂದಲೇ ಇವತ್ತು ಹೆಚ್ಚು ಹಣ ಹೋಗುತ್ತದೆ. ಎಲ್ಲವನ್ನೂ ಅಲ್ಲಗಳೆದವನು 2,400 ಕಟ್ಟಿ ನಾಲ್ಕು ದಿನ ತಳ್ಳಬಹುದು. ಆದರೆ ಸುಳ್ಳು ಆಧಾರ ಒಂದಿದ್ದರೆ ಅಪೀಲು ಅಧಿಕಾರಿ ಅದನ್ನೇ ಹಿಡಿದು ಎಳೆಯುತ್ತಾರೆ, ಒಳ್ಳೆಯ ಆಧಾರವೂ ಅದರ ಜೊತೆ ಹೋಗುತ್ತದೆ. ಮೂವತ್ತು ವರ್ಷ ನೋಡಿದ್ದೇನೆ. ಕೊನೆಗೆ ಒಪ್ಪಿದರು. 24,000, ಅದರ ಬಡ್ಡಿ, ದಂಡ ಪೂರ್ತಿ. ಉಳಿದ 6,00,000ಕ್ಕೆ ಹತ್ತು ಪರ್ಸೆಂಟ್, 60,000. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ.

ಮೇ 18, ಭಾನುವಾರ

ಊಟ ಮುಗಿಸಿ ಹಳೇ ಬೈಂಡ್ ಪುಸ್ತಕ ತೆಗೆದೆ. ನಮ್ಮ ಗುರುಗಳು ಬಿಟ್ಟುಹೋದದ್ದು. 1953ರ ಹುಸೇನ್ ಕಾಸಂ ದಾದಾ ಪ್ರಕರಣವನ್ನು ಅವರು ಶಿಷ್ಯರಿಗೆಲ್ಲ ಬಾಯಿಪಾಠ ಮಾಡಿಸಿದ್ದರು. ಮಧ್ಯಪ್ರದೇಶದ ಸೇಲ್ಸ್ ಟ್ಯಾಕ್ಸ್. ಮೊದಲಿದ್ದ ನಿಯಮ: ಅಪೀಲುದಾರ ತಾನು ಒಪ್ಪಿಕೊಂಡಷ್ಟು ತೆರಿಗೆ ಕಟ್ಟಿದರೆ ಸಾಕು. 1949ರಲ್ಲಿ ತಿದ್ದುಪಡಿ ಮಾಡಿ ವಿವಾದದ ತೆರಿಗೆಯನ್ನೇ ಕಟ್ಟಿ ಬರಬೇಕು ಎಂದರು. ಕಂಪನಿ ರಿಟರ್ನ್ ಸಲ್ಲಿಸಿದ್ದು 1947ರಲ್ಲಿ, ತಿದ್ದುಪಡಿಗೆ ಮೊದಲು. ಅಪೀಲು ಹಾಕಿದ್ದು ನಂತರ. ಯಾವ ನಿಯಮ? ಸುಪ್ರೀಂ ಕೋರ್ಟು ಹಳೆಯದೇ ಎಂದಿತು. ವ್ಯಾಜ್ಯ ಹುಟ್ಟಿದ ದಿನವೇ ಅಪೀಲಿನ ಹಕ್ಕೂ ಹುಟ್ಟಿತು, ಮಧ್ಯದಲ್ಲಿ ಬಂದ ಕಾನೂನು ಸ್ಪಷ್ಟವಾಗಿ ಹೇಳದೆ ಅದನ್ನು ಮೊಟಕುಗೊಳಿಸುವಂತಿಲ್ಲ.

ಗುರುಗಳಿಗೆ ಈ ತೀರ್ಪು ಅಂದರೆ ಪ್ರಾಣ. ಆದರೆ ಅದರಿಂದ ಮುಂದಕ್ಕೆ ಹಾದಿ ಕಿರಿದಾಗುತ್ತಲೇ ಬಂತು ಎನ್ನುವುದನ್ನೂ ಅವರು ಹೇಳುತ್ತಿದ್ದರು. ಅಹಮದಾಬಾದಿನ ಆಸ್ತಿ ತೆರಿಗೆಯ ಅನಂತ್ ಮಿಲ್ಸ್ ಪ್ರಕರಣ, 1975: ಅಪೀಲು ಕಾನೂನು ಕೊಟ್ಟ ಹಕ್ಕು, ಕೊಡುವವರು ಷರತ್ತು ಹಾಕಬಹುದು. 2004ರ ಮಾರ್ಡಿಯಾ ಕೆಮಿಕಲ್ಸ್ ಇದಕ್ಕೆ ಅಪವಾದ: ಬ್ಯಾಂಕು ಆಸ್ತಿ ಹಿಡಿದ ಮೇಲೆ ಮೊದಲ ಬಾರಿ ದೂರು ಹೇಳಲು ಬಂದ ಸಾಲಗಾರ ಬಾಕಿಯ ಶೇ. 75 ಇಡಬೇಕೆಂಬ ಷರತ್ತು ಬಿದ್ದುಹೋಯಿತು. 2019ರಲ್ಲಿ ಟೆಕ್ನಿಮಾಂಟ್: ಪಂಜಾಬಿನ ವ್ಯಾಟ್ ಅಪೀಲಿಗೆ ಶೇ. 25, ಅದು ಊರ್ಜಿತ. ಅಪೀಲು ಅಧಿಕಾರಿಗೆ ಅದನ್ನು ಮನ್ನಿಸುವ ಅಧಿಕಾರ ಇಲ್ಲ, ನಿಜವಾಗಿ ಕಷ್ಟದಲ್ಲಿರುವವನು ಹೈಕೋರ್ಟಿಗೆ ರಿಟ್ ಹಾಕಿಕೊಳ್ಳಲಿ. ಆರು ಲಕ್ಷದ ತಕರಾರಿನವನು ಹೈಕೋರ್ಟಿಗೆ? ವಕೀಲರ ಫೀಸೇ ಠೇವಣಿಗಿಂತ ಹೆಚ್ಚಾಗುತ್ತದೆ.

ಹಾಗಂತ ಹಳೇ ಕಾಲ ಚೆನ್ನಾಗಿತ್ತು ಎಂದು ನಾನು ಬರೆಯಲಾರೆ. ಸೇಲ್ಸ್ ಟ್ಯಾಕ್ಸ್ ದಿನಗಳಲ್ಲಿ ಅಪೀಲಿನ ಜೊತೆ ಸ್ಟೇ ಅರ್ಜಿ ಬೇರೆ. ಅರ್ಧ ಕಟ್ಟಿ, ಉಳಿದರ್ಧಕ್ಕೆ ಜಾಮೀನು ಹೊಂದಿಸಿ, ಸ್ಟೇ ಆದೇಶದ ಪ್ರತಿ ಕೈಗೆ ಬರುವವರೆಗೆ ವಸೂಲಿಯವರು ಅಂಗಡಿ ಬಾಗಿಲಿಗೆ ಬರಬಾರದೆಂದು ದೇವರಿಗೆ ಕೈಮುಗಿಯಬೇಕು. ಕೇಂದ್ರ ಅಬಕಾರಿ, ಕಸ್ಟಮ್ಸ್‌ನಲ್ಲಿ ಪೂರ್ತಿ ಮೊತ್ತ ಕಟ್ಟಬೇಕು, ಕಷ್ಟವೆಂದು ತೋರಿಸಿದರೆ ವಿನಾಯಿತಿ. ಹಾಗಾಗಿ ಟ್ರಿಬ್ಯುನಲ್‌ಗಳ ಅರ್ಧ ಹೊತ್ತು ಕಷ್ಟ ಅಳೆಯುವುದರಲ್ಲೇ ಹೋಗುತ್ತಿತ್ತು. 2014ರ ಆಗಸ್ಟ್ 6ರಿಂದ ಅಲ್ಲಿ ಏಳೂವರೆ ಪರ್ಸೆಂಟ್, ಎರಡನೇ ಅಪೀಲಿಗೆ ಹತ್ತು ಎಂದು ನಿಗದಿಯಾಯಿತು. ಜಿಎಸ್‌ಟಿ ಹಿಡಿದದ್ದು ಅದೇ ದಾರಿ. ಹತ್ತು ಪರ್ಸೆಂಟ್ ಕಟ್ಟಿದ ಕೂಡಲೇ ಉಳಿದ ಬಾಕಿಯ ವಸೂಲಿ ತಾನಾಗಿಯೇ ನಿಂತಂತೆ. ಯಾರ ಕಾಲೂ ಹಿಡಿಯಬೇಕಾಗಿಲ್ಲ. ಇದು ಸಣ್ಣ ಲಾಭವಲ್ಲ.

ನನ್ನ ತಕರಾರು ಹತ್ತರ ಬಗ್ಗೆ ಅಲ್ಲ. ಯಾವುದರ ಮೇಲೆ ಹತ್ತು ಎಂಬುದರ ಬಗ್ಗೆ. ಅಪೀಲು ಹಾಕುವುದೇ ಅಧಿಕಾರಿ ಬರೆದ ಸಂಖ್ಯೆ ತಪ್ಪು ಎಂದು. ಅಪೀಲಿನ ಠೇವಣಿ ಲೆಕ್ಕ ಹಾಕುವುದು ಅದೇ ಸಂಖ್ಯೆಯ ಮೇಲೆ. ಅವರು ಒಂದು ಸೊನ್ನೆ ಹೆಚ್ಚು ಬರೆದರೆ ಇವನ ಠೇವಣಿಯಲ್ಲೂ ಒಂದು ಸೊನ್ನೆ ಹೆಚ್ಚು. ತಪ್ಪು ಎಷ್ಟು ದೊಡ್ಡದೋ ಅದನ್ನು ತೋರಿಸಿಕೊಡುವ ಖರ್ಚೂ ಅಷ್ಟು ದೊಡ್ಡದು. ಕೇಂದ್ರ, ರಾಜ್ಯದ ಪಾಲಿಗೆ ತಲಾ 20 ಕೋಟಿಯ ಮೇಲ್ಮಿತಿ ಇದೆ, 2024ರ ನವೆಂಬರಿಗೆ ಮೊದಲು 25 ಇತ್ತು. ನಮ್ಮ ಊರಿನಲ್ಲಿ ಅದನ್ನು ಮುಟ್ಟುವ ಕಕ್ಷಿದಾರ ನನಗಂತೂ ಸಿಕ್ಕಿಲ್ಲ.

ಮೇ 22, ಗುರುವಾರ

ಅಪೀಲಿನ ಫಾರಂ ಎಪಿಎಲ್-01 ಸಲ್ಲಿಕೆಯಾಯಿತು.

ಹಣದ ಮಾತು ಮತ್ತೆ ಎದ್ದಿತು. ಈ ಹತ್ತು ಪರ್ಸೆಂಟನ್ನು ಕ್ರೆಡಿಟ್ ಲೆಡ್ಜರಿನಿಂದ ಕಟ್ಟಬಹುದೇ, ನಗದೇ ಬೇಕೇ ಎಂದು ವರ್ಷಗಟ್ಟಲೆ ಜಗಳ ನಡೆದಿತ್ತು. ಒಡಿಶಾ ಹೈಕೋರ್ಟು ನಗದು ಎಂದಿತ್ತು, ಬಾಂಬೆ ಹೈಕೋರ್ಟು ಕ್ರೆಡಿಟ್ ಆಗುತ್ತದೆ ಎಂದಿತ್ತು, ಗುಜರಾತೂ ಹಾಗೆಯೇ. ಗುಜರಾತಿನ ತೀರ್ಪಿನಲ್ಲಿ ಕೈಹಾಕಲು ಈ ತಿಂಗಳು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ವರ್ತಕರಿಗೆ ದೊಡ್ಡ ಸಮಾಧಾನ. ರುದ್ರಪ್ಪನವರಿಗೆ ಮಾತ್ರ ಉಪಯೋಗವಿಲ್ಲ: ಬೇಸಿಗೆಯ ಮಾರಾಟದಲ್ಲಿ ಅವರ ಲೆಡ್ಜರು ಖಾಲಿಯಾಗಿದೆ. ಮಳೆ ಹಿಡಿದರೆ ಪಂಪು ಕೇಳುವವರಿಲ್ಲ, ಕೊಯಮತ್ತೂರಿನ ಕಂಪನಿಗೆ ಜೂನ್‌ನಲ್ಲಿ ಕಂತು ಹೋಗಬೇಕು. ಓಡಿ ಖಾತೆಯಿಂದ ಎತ್ತಿದರು. ಬ್ಯಾಂಕಿನ ಬಡ್ಡಿ ಶೇ. 11. ಗೆದ್ದರೆ ಸರ್ಕಾರ ಕೊಡುವುದು ಕಟ್ಟಿದ ದಿನದಿಂದ ಶೇ. 6.

"ಅವ್ರಿಗೆ ನಾವು ಕೊಡೋದು ಹದಿನೆಂಟು, ಅವ್ರು ನಮಗೆ ಕೊಡೋದು ಆರು" ಎಂದ ಮಗ. ರುದ್ರಪ್ಪನವರು ಅವನನ್ನು ಸುಮ್ಮನಿರು ಎಂಬಂತೆ ನೋಡಿದರು, ಗೋಡೆಯ ಹಿಂದೆ ಅಧಿಕಾರಿ ಕೂತಿದ್ದಾರೇನೋ ಎಂಬಂತೆ.

ಒಟಿಪಿ ಬರಲು ಹೊತ್ತಾಯಿತು. ಫಾರಂ ಹೋದ ಮೇಲೆ ಸ್ವೀಕೃತಿ ಬಂತು. ಪರದೆಯ ಮೇಲೆ 11 ಲಕ್ಷ ಚಿಲ್ಲರೆ ಇದ್ದದ್ದು ಹಾಗೇ ಇದೆ, ಆದರೆ ಇನ್ನು ಬ್ಯಾಂಕ್ ಖಾತೆ ಹಿಡಿಯುವಂತಿಲ್ಲ. ಸಾಲಗಾರರಿಗೆ, ಬ್ಯಾಂಕಿಗೆ ಬರೆಯುವ ಆ ಡಿಆರ್‌ಸಿ-13 ಪತ್ರ ಒಂದು ಹೋದರೆ ಊರಿನಲ್ಲಿ ಮಾನವೇ ಹೋದಂತೆ ಎಂದು ರುದ್ರಪ್ಪನವರಿಗೆ ಹೆದರಿಕೆ. ಅರವತ್ತು ಸಾವಿರ ಕಟ್ಟಿಸಿದ್ದು ಅರ್ಧ ಆ ಹೆದರಿಕೆ.

ಜೂನ್ 11, ಬುಧವಾರ

ಇವತ್ತು ಎರಡು ಕೇಸು, ಎರಡೂ ಬೇರೆ ಜಾತಿಯವು.

ಇ-ವೇ ಬಿಲ್ಲಿನ ಅವಧಿ ಮುಗಿದ ಲಾರಿ. ತೆರಿಗೆಯ ಎರಡರಷ್ಟು ದಂಡ. ಇಲ್ಲಿ ಅಪೀಲಿಗೆ ದಂಡದ ಶೇ. 25. ಮಾಲು ಬಿಡಿಸಿಕೊಳ್ಳಲು ಆಗಲೇ ಪೂರ್ತಿ ಕಟ್ಟಿದ್ದಾರೆ, ಹಾಗಾಗಿ ಲೆಕ್ಕವೇ ಬೇಕಿಲ್ಲ. ದಾರಿಯಲ್ಲಿ ನಿಂತ ಲಾರಿಯವನ ಹತ್ತಿರ ಯಾರೂ ಹತ್ತು ಪರ್ಸೆಂಟಿನ ಮಾತು ಆಡುವುದಿಲ್ಲ.

ಇನ್ನೊಂದು ಇನ್‌ಕಂ ಟ್ಯಾಕ್ಸ್. ಅಡಿಕೆ ತೋಟದವರು, ನೋಟು ರದ್ದಾದಾಗ ಬ್ಯಾಂಕಿಗೆ ಕಟ್ಟಿದ ಒಂಬತ್ತು ಲಕ್ಷಕ್ಕೆ ವಿವರಣೆ ಸಾಲದು ಎಂದು ಶೇ. 77.25ರ ದರದಲ್ಲಿ ತೆರಿಗೆ. ಅಪೀಲು 2020ರಿಂದ ಬಾಕಿ, ಮುಖ ಕಾಣದ ಅಪೀಲಿನ ವ್ಯವಸ್ಥೆಗೆ ಹೋದ ಮೇಲೆ ಕಡತ ಯಾವ ಊರಿನಲ್ಲಿದೆಯೋ. ಇಲ್ಲಿ ಅಪೀಲಿಗೆ ಠೇವಣಿಯೇ ಇಲ್ಲ, ಶುಲ್ಕ ಹೆಚ್ಚೆಂದರೆ 1,000. ಆದರೆ ವಸೂಲಿ ತಾನಾಗಿ ನಿಲ್ಲುವುದೂ ಇಲ್ಲ. ಸ್ಟೇ ಬೇಕೆಂದರೆ ಶೇ. 20 ಕಟ್ಟಿ ಎನ್ನುತ್ತಾರೆ. 2016ರ ಜ್ಞಾಪನದಲ್ಲಿ 15 ಇದ್ದದ್ದನ್ನು 2017ರ ಜುಲೈನಲ್ಲಿ 20 ಮಾಡಿದರು. ಅದು ಕಾನೂನಲ್ಲ, ಆಡಳಿತದ ಸೂಚನೆ. ಅದಕ್ಕಿಂತ ಕಡಿಮೆಗೂ ಸ್ಟೇ ಕೊಡಲು ಅಧಿಕಾರಿಗೆ ಅಡ್ಡಿಯಿಲ್ಲ ಎಂದು 2018ರಲ್ಲಿ ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪನ್ನು ಲಗತ್ತಿಸಿ ಅರ್ಜಿ ಕೊಟ್ಟಿದ್ದೆ. ಉತ್ತರ ಬರಲಿಲ್ಲ, ಅವರ ಟಿಡಿಎಸ್ ರೀಫಂಡು ಮಾತ್ರ ಹಳೇ ಬಾಕಿಗೆ ಜಮೆಯಾಯಿತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನನ್ನ ಓಟು ಜಿಎಸ್‌ಟಿಯ ಹತ್ತಕ್ಕೇ. ಏನು ಕಟ್ಟಬೇಕು, ಕಟ್ಟಿದರೆ ಏನು ಸಿಗುತ್ತದೆ ಎಂದಾದರೂ ಗೊತ್ತಿರುತ್ತದೆ.

ಜುಲೈ 16, ಬುಧವಾರ

ಆಫೀಸು ಸಂತೆಯಾಗಿದೆ. ಯುಪಿಐ ಲೆಕ್ಕ ತೆಗೆದು ವಾಣಿಜ್ಯ ತೆರಿಗೆ ಇಲಾಖೆ ಕೊಟ್ಟ ನೋಟಿಸುಗಳದ್ದೇ ಮಾತು. ಬೇಕರಿಯವರು, ಬೀಡಾ ಅಂಗಡಿಯವರು, ಬೆಣ್ಣೆ ದೋಸೆಯವರು. ಕೆಲವರು ಕ್ಯೂಆರ್ ಕೋಡ್ ಸ್ಟಿಕ್ಕರನ್ನೇ ಕಿತ್ತುಹಾಕಿ ಬಂದಿದ್ದಾರೆ. ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸು ಎಂದು ಪತ್ರಿಕೆಯಲ್ಲಿ ಬಂದದ್ದನ್ನು ಎಲ್ಲರೂ ಮೊಬೈಲಿನಲ್ಲಿ ತೋರಿಸುತ್ತಾರೆ.

ಇದಿನ್ನೂ ವಿವರಣೆ ಕೇಳಿದ ನೋಟಿಸು, ಆದೇಶವಲ್ಲ, ಅಪೀಲಿನ ಪ್ರಶ್ನೆಯೇ ಇಲ್ಲ, ಮೊದಲು ಉತ್ತರ ಕೊಡಿ ಎಂದು ಗಂಟಲು ಹರಿಯುವಂತೆ ಹೇಳಿದೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ. ತಾಜಾ ತರಕಾರಿ, ಹಾಲು, ಹಣ್ಣಿಗೆ ತೆರಿಗೆಯೇ ಇಲ್ಲ. ಖಾತೆಗೆ ಬಂದ ಹಣವೆಲ್ಲ ವ್ಯಾಪಾರವೂ ಅಲ್ಲ, ತಂಗಿ ಕಳಿಸಿದ ಚೀಟಿ ದುಡ್ಡೂ ಅದರಲ್ಲಿರುತ್ತದೆ.

ಆದರೂ ರಾತ್ರಿ ಕೂತು ಲೆಕ್ಕ ಹಾಕದೆ ಇರಲಾಗಲಿಲ್ಲ. ಆ ತರಕಾರಿಯವನು ಉತ್ತರ ಕೊಡದೆ, ಆ 29 ಲಕ್ಷ ಹಾಗೇ ತೆರಿಗೆಯ ಆದೇಶವಾದರೆ? ಅಪೀಲಿಗೆ 2,90,000. ತೆರಿಗೆಯೇ ಇಲ್ಲದ ಸೊಪ್ಪಿಗೆ ತೆರಿಗೆ ಇಲ್ಲ ಎಂದು ಹೇಳಲು ಅಷ್ಟು ಹಣ. ಮೇ ತಿಂಗಳಲ್ಲಿ ಬರೆದ ನನ್ನ ತಕರಾರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಟ್ಟಿ ಹೇಳಿದರೂ ಆಗುತ್ತಿರಲಿಲ್ಲ. ಉತ್ತರವೇ ಬಾರದೆ ಹೊರಟ ಏಕಪಕ್ಷೀಯ ಆದೇಶಗಳಲ್ಲಾದರೂ ಠೇವಣಿ ಇಳಿಸುವ ಅಧಿಕಾರವನ್ನು ಅಪೀಲು ಅಧಿಕಾರಿಗೆ ಕೊಟ್ಟರೆ ಖಜಾನೆ ಬರಿದಾಗುವುದಿಲ್ಲ.

ಜುಲೈ 24, ಗುರುವಾರ

ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿದ್ದಾರೆ. ಬೀಡಾ ಅಂಗಡಿಯವನು ಸ್ಟಿಕ್ಕರು ಮತ್ತೆ ಅಂಟಿಸಿದ್ದಾನೆ. ನನ್ನ ಫೀಸು ಮಾತ್ರ ಯಾರಿಗೂ ನೆನಪಿಲ್ಲ.

ಸೆಪ್ಟೆಂಬರ್ 25, ಗುರುವಾರ

ಜಿಎಸ್‌ಟಿ ಟ್ರಿಬ್ಯುನಲ್ಲು ನಿನ್ನೆ ದಿಲ್ಲಿಯಲ್ಲಿ ಉದ್ಘಾಟನೆಯಾಯಿತು. ಜಿಎಸ್‌ಟಿ ಬಂದದ್ದು 2017ರ ಜುಲೈ 1. ಎಂಟು ವರ್ಷ ಎರಡನೇ ಅಪೀಲಿನ ಬಾಗಿಲು ಕಾನೂನಿನಲ್ಲಿ ಮಾತ್ರ ಇತ್ತು. ಮೊದಲ ಅಪೀಲಿನಲ್ಲಿ ಸೋತವರು ಏನು ಮಾಡಬೇಕು? ಟ್ರಿಬ್ಯುನಲ್ಲೇ ಇಲ್ಲದಿದ್ದರೂ ಅದರ ಠೇವಣಿ ಕಟ್ಟಿ, ಮುಂದೆ ಅಪೀಲು ಹಾಕುತ್ತೇನೆಂದು ಬರೆದುಕೊಟ್ಟರೆ ವಸೂಲಿ ನಿಲ್ಲಿಸುತ್ತೇವೆ ಎಂದು 2024ರ ಜುಲೈನಲ್ಲಿ ಸುತ್ತೋಲೆ ಬಂತು. ಇಲ್ಲದ ಕಟ್ಟಡದ ಪ್ರವೇಶಕ್ಕೆ ನನ್ನ ಕಕ್ಷಿದಾರರೂ ಕಟ್ಟಿದ್ದಾರೆ.

ಒಂದು ಒಳ್ಳೆಯದಾಗಿದೆ. ಅಲ್ಲಿ ಮೇಲಿನ ಠೇವಣಿ ಶೇ. 20 ಇದ್ದದ್ದು ಕಳೆದ ನವೆಂಬರಿನಿಂದ 10. ಬರೀ ದಂಡದ ಆದೇಶಗಳಿಗೂ ಬರುವ ತಿಂಗಳು ಒಂದರಿಂದ ದಂಡದ ಶೇ. 10 ಕಟ್ಟಬೇಕಂತೆ. ಇಲ್ಲಿಯವರೆಗೆ ತೆರಿಗೆ ಇಲ್ಲದ ದಂಡಕ್ಕೆ ಠೇವಣಿಯೂ ಇರಲಿಲ್ಲ, ಲಾರಿ ದಂಡವೊಂದನ್ನು ಬಿಟ್ಟು. ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸುವುದು ಹಣಕಾಸು ಮಸೂದೆಗಳ ಹಳೇ ಚಾಳಿ.

ನವೆಂಬರ್ 19, ಬುಧವಾರ

ರುದ್ರಪ್ಪನವರ ಅಪೀಲು ಆದೇಶ ಬಂತು. ಆರು ಲಕ್ಷದ ಬೇಡಿಕೆ ರದ್ದು. ಅಪೀಲು ಅಧಿಕಾರಿ ನಮ್ಮ ಹಳದಿ ಬಳಿದ ಪುಟವನ್ನು ಉಲ್ಲೇಖಿಸಿಲ್ಲ, ಐಜಿಎಸ್‌ಟಿ ಕಾಲಮ್ಮಿನ ಒಂದೇ ಕಾರಣಕ್ಕೆ ತೀರಿಸಿದ್ದಾರೆ. ಅಷ್ಟು ಸಾಕು. 24,000 ಮೊದಲೇ ಒಪ್ಪಿ ಕಟ್ಟಿದ್ದನ್ನು ಒಂದು ಸಾಲಿನಲ್ಲಿ ಬರೆದಿದ್ದಾರೆ. ಆ ಸಾಲಿನ ಧಾಟಿ ನೋಡಿದರೆ ಅದರಿಂದ ನಮಗೆ ಒಳ್ಳೆಯದೇ ಆಗಿದೆ.

ಠೇವಣಿ ತಾನಾಗಿ ವಾಪಸ್ ಬರುವುದಿಲ್ಲ, ಆರ್‌ಎಫ್‌ಡಿ-01ರಲ್ಲಿ ಅರ್ಜಿ ಹಾಕಬೇಕು. ಮಧ್ಯಾಹ್ನವೇ ಹಾಕಿದೆ. ಆರು ತಿಂಗಳಿಗೆ ಶೇ. 6ರಂತೆ ಬಡ್ಡಿ 1,800 ಆಗುತ್ತದೆ. ಓಡಿ ಖಾತೆಗೆ ಅವರು ಕಟ್ಟಿದ್ದು 3,300. ಅರ್ಜಿ ಹಾಕಿ 60 ದಿನದಲ್ಲಿ ಕೊಡದಿದ್ದರೆ ಶೇ. 9 ಆಗುತ್ತದೆ ಎಂದು ಹೇಳಿದೆ, ರುದ್ರಪ್ಪನವರು ನಕ್ಕರು.

"ಇನ್ನು ಅವ್ರು ಟ್ರಿಬ್ಯುನಲ್ಲಿಗೆ ಹೋಗ್ತಾರೇನು ಸಾರ್?"

ಇವರದು ಕೇಂದ್ರದ ವ್ಯಾಪ್ತಿಯ ಕಡತ. 20 ಲಕ್ಷದೊಳಗಿನ ತೆರಿಗೆಗೆ ಇಲಾಖೆ ಸಾಮಾನ್ಯವಾಗಿ ಟ್ರಿಬ್ಯುನಲ್ ಹತ್ತಬಾರದೆಂದು 2024ರ ಜೂನ್‌ನಲ್ಲಿ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ ಸುತ್ತೋಲೆ ಹೊರಡಿಸಿದೆ. ಹೋಗಲಿಕ್ಕಿಲ್ಲ ಎಂದೆ.

ಬಾಗಿಲ ತನಕ ಹೋದವರು ತಿರುಗಿ ನಿಂತರು. "ಒಂದ್ವೇಳೆ ಹೋದ್ರೆ, ಅವ್ರೂ ಹತ್ತು ಪರ್ಸೆಂಟ್ ಕಟ್ಬೇಕಲ್ಲಾ?"

ಇಲಾಖೆಗೆ ಠೇವಣಿ ಇಲ್ಲ ರುದ್ರಪ್ಪನವರೇ, ಎಂದೆ.